ಮನೆಗೆ ಬೆಲೆ ಕಟ್ಟುವವರು

ಸಾಲದ ವ್ಯವಹಾರಕ್ಕೆ ಕನ್ನಡದಲ್ಲಿರುವ ಶಬ್ದಸಂಪತ್ತು ಕಡಮೆಯದಲ್ಲ. ಒತ್ತೆ, ಅಡವು, ಅಡಮಾನ, ಗಿರವಿ, ಭೋಗ್ಯ ಇವೆಲ್ಲ ಮೇಲುನೋಟಕ್ಕೆ ಒಂದರಂತೆ ಒಂದು ತೋರಿದರೂ ವ್ಯವಹಾರ ಬಲ್ಲವರು ಒಂದರ ಎಡೆಯಲ್ಲಿ ಇನ್ನೊಂದನ್ನು ನುಡಿಯುವುದಿಲ್ಲ. ಕೊರಳ ಸರ ಗಿರವಿಯಂಗಡಿಗೆ ಹೋಗುತ್ತದೆ, ಹೊಲ ಅಡಮಾನವಾಗುತ್ತದೆ, ಮನೆಯನ್ನು ಭೋಗ್ಯಕ್ಕೆ ಹಾಕುತ್ತಾರೆ. ಭೋಗ್ಯದಲ್ಲಿ ಹಣ ಕೊಟ್ಟವನು ಬಡ್ಡಿಯನ್ನು ಕೇಳುವುದಿಲ್ಲ. ಮನೆಯೊಳಗೆ ಬಂದು ವಾಸಮಾಡುತ್ತಾನೆ. ಆ ವಾಸವೇ ಅವನಿಗೆ ಬಡ್ಡಿ. ನಮ್ಮ ಧರ್ಮಶಾಸ್ತ್ರಕಾರರು ಒತ್ತೆಗೆ 'ಆಧಿ' ಎಂದು ಹೆಸರಿಟ್ಟು, ಬರಿದೆ ಕಾಪಾಡತಕ್ಕದ್ದು ಗೋಪ್ಯಾಧಿ, ಅನುಭವಿಸತಕ್ಕದ್ದು ಭೋಗ್ಯಾಧಿ ಎಂದು ಬಹು ಹಿಂದೆಯೇ ವಿಂಗಡಿಸಿಟ್ಟರು. ಎರಡರಲ್ಲಿಯೂ ಒಂದು ಸಂಗತಿ ಸಮಾನವಾದುದು. ಕಷ್ಟಕ್ಕೆ ಸಿಕ್ಕವನು ವಸ್ತುವನ್ನು ಕೈಬಿಡಬೇಕು. ಹಣವುಳ್ಳವನು ಅದನ್ನು ಹಿಡಿದುಕೊಳ್ಳಬೇಕು.

ಈಚೆಗೆ ಈ ಪಂಕ್ತಿಗೆ ಇನ್ನೊಂದು ಬಗೆ ಬಂದು ಸೇರಿದೆ. ಇದರಲ್ಲಿ ಮನೆಯನ್ನು ಒತ್ತೆಯಿಟ್ಟವನೇ ಮನೆಯಲ್ಲಿರುತ್ತಾನೆ. ಕಂತು ಕಟ್ಟುವ ಗೋಜು ಅವನಿಗಿಲ್ಲ. ಸಾಲಕೊಟ್ಟ ಬ್ಯಾಂಕೇ ತಿಂಗಳು ತಿಂಗಳೂ ಅವನ ಕೈಗೆ ಹಣವನ್ನಿಡುತ್ತದೆ. ಅಸಲನ್ನಾಗಲಿ ಬಡ್ಡಿಯನ್ನಾಗಲಿ ಅವನು ಬದುಕಿರುವವರೆಗೆ ಯಾರೂ ಕೇಳುವುದಿಲ್ಲ. ಅವನೂ ಅವನ ಹೆಂಡತಿಯೂ ತೀರಿಕೊಂಡ ಬಳಿಕ ಮನೆ ಮಾರಾಟವಾಗಿ ಸಾಲ ತೀರುತ್ತದೆ. ರಿವರ್ಸ್ ಮಾರ್ಟ್‌ಗೇಜ್ ಎಂದು ಬ್ಯಾಂಕಿನವರು ಕರೆಯುವ ಇದನ್ನು ಪತ್ರಿಕೆಗಳು 'ಹಿಮ್ಮುಖ ಅಡಮಾನ' ಎಂದು ಕನ್ನಡಿಸಿವೆ. ಈ ಅನುವಾದ ನನ್ನ ಕಿವಿಗೆ ಅಷ್ಟೇನೂ ಹಿತವಲ್ಲ. ಹಣದ ಹರಿವು ಹಿಂದುಮುಂದಾಗಿದೆಯೇ ಹೊರತು ಅಡಮಾನ ಅಡಮಾನವೇ. ಆದರೂ ರೂಢಿಗೆ ಬಂದ ಮಾತನ್ನು ಬಿಡಿಸಲು ಯಾರಿಂದಾದೀತು!

ಇದು ಹುಟ್ಟಿದ್ದು ನಮ್ಮಲ್ಲಲ್ಲ. ಅಮೆರಿಕೆಯ ಮೇನ್ ಸಂಸ್ಥಾನದ ಪೋರ್ಟ್‌ಲೆಂಡ್ ಪಟ್ಟಣದಲ್ಲಿ 1961ರಲ್ಲಿ ವಿಧವೆಯೊಬ್ಬಳು ತನ್ನ ಮನೆಯನ್ನು ಬಿಡದೆಯೇ ಬಾಳುವಂತಾಗಲೆಂದು ಸಣ್ಣ ಸಂಸ್ಥೆಯೊಂದು ಇಂತಹ ಸಾಲ ಕೊಟ್ಟಿತೆಂದು ಅದರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಭಾರತದಲ್ಲಿ 2007ರ ಫೆಬ್ರವರಿಯ ಮುಂಗಡಪತ್ರದಲ್ಲಿ ಅಂದಿನ ಅರ್ಥಮಂತ್ರಿ ಪಿ. ಚಿದಂಬರಂ ಅವರು ಈ ಯೋಜನೆಯನ್ನು ಸಾರಿದರು. ಅದೇ ವರ್ಷ ರಾಷ್ಟ್ರೀಯ ವಸತಿ ಬ್ಯಾಂಕು ಅದರ ಮಾರ್ಗಸೂತ್ರಗಳನ್ನು ಹೊರಡಿಸಿತು. ಹೀಗೆ ಬರುವ ಹಣ ಸಾಲವೇ ಹೊರತು ಆದಾಯವಲ್ಲವೆಂದು 2008ರಲ್ಲಿ ಅದಕ್ಕೆ ವರಮಾನ ತೆರಿಗೆಯಿಂದ ವಿನಾಯಿತಿಯೂ ದೊರೆಯಿತು. ಅರುವತ್ತು ತುಂಬಿದವರು ಇದಕ್ಕೆ ಅರ್ಹರು. ದಂಪತಿಗಳು ಕೂಡಿ ಅರ್ಜಿ ಹಾಕಿದರೆ ಒಬ್ಬರಿಗೆ 60 ಆಗಿ, ಇನ್ನೊಬ್ಬರಿಗೆ 55ಕ್ಕೆ ಕಡಮೆಯಿಲ್ಲದಿದ್ದರೆ ಸಾಕು. ಕೊನೆಗೆ ಸಾಲ ಬೆಳೆದು ಮನೆಯ ಬೆಲೆಯನ್ನು ಮೀರಿದರೆ ಆ ನಷ್ಟ ಬ್ಯಾಂಕಿನದು. ಮಕ್ಕಳ ಆಸ್ತಿಗೆ ಅದು ಕೈಚಾಚುವಂತಿಲ್ಲ. ಬಡ್ಡಿ ಅಸಲನ್ನು ಮೀರಬಾರದೆಂಬ ನಮ್ಮ ಹಳೆಯ ದಾಮದುಪ್ಪಟ್ಟಿನ ನ್ಯಾಯವನ್ನು ಬಲ್ಲವರಿಗೆ, ಎಲ್ಲೋ ಒಂದು ಕಡೆ ಋಣಕ್ಕೆ ಗಡಿ ಹಾಕಬೇಕೆಂಬ ಈ ಎಚ್ಚರ ಮೆಚ್ಚುಗೆಯಾಗದಿರದು.

ಇಷ್ಟು ಒಳ್ಳೆಯದಾದ ಏರ್ಪಾಡು ನಮ್ಮ ಜನದ ನಡುವೆ ಏಕೆ ಬೇರೂರಲಿಲ್ಲ? ಕೇಳಿದವರೆಲ್ಲ ಒಂದೇ ಉತ್ತರ ಕೊಡುತ್ತಾರೆ: ಮನೆಯೆಂದರೆ ನಮಗೆ ಮಮತೆ, ಮಕ್ಕಳಿಗೆ ಬಿಟ್ಟುಹೋಗಬೇಕೆಂಬ ಆಸೆ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಮಮತೆಯ ಮಾತು ಏಳುವುದಕ್ಕೆ ಮುಂಚೆಯೇ ಇನ್ನೊಂದು ಪ್ರಶ್ನೆ ಎದುರು ನಿಲ್ಲುತ್ತದೆ. ಯೋಜನೆ ಬಯಸುವಂತಹ ಮನೆ ನಮ್ಮ ಮುದುಕರ ಬಳಿ ಇದೆಯೆ?

ಬಯಸುವ ಮನೆ ಹೇಗಿರಬೇಕೆಂದರೆ, ಅದು ಸ್ವಯಾರ್ಜಿತವಾಗಿರಬೇಕು. ಅರ್ಜಿದಾರರ ಹೆಸರಿನಲ್ಲಿ ನಿರ್ಮಲವಾದ ಹಕ್ಕು ಇರಬೇಕು. ಯಾವ ಋಣಭಾರವೂ ಇರಬಾರದು. ಅವರು ಸ್ಥಿರವಾಗಿ ಅದರಲ್ಲಿಯೇ ವಾಸವಾಗಿರಬೇಕು. ಕಟ್ಟಡಕ್ಕೆ ಇನ್ನೂ 20 ವರ್ಷವಾದರೂ ಆಯುಸ್ಸಿರಬೇಕು. ಓದುವಾಗ ಒಂದು ಉಸಿರಿನಲ್ಲಿ ಮುಗಿಯುವ ವಾಕ್ಯ. ಆದರೆ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಕಾಡು ಇದೆ.

ಮೊದಲನೆಯ ಮಾತನ್ನೇ ನೋಡಬಹುದು. ಸ್ವಯಾರ್ಜಿತ, ಪಿತ್ರಾರ್ಜಿತ ಎಂಬ ಭೇದವನ್ನು ಭಾರತದ ಬಹುಭಾಗಕ್ಕೆ ಕಲಿಸಿದ ಗ್ರಂಥ 'ಮಿತಾಕ್ಷರಾ'. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಈ ವ್ಯಾಖ್ಯಾನ ಕನ್ನಡ ನೆಲದ ಕೃತಿಯೆಂಬ ಹೆಮ್ಮೆ ನಮಗಿದೆ. ಪಿತಾಮಹನ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂದು ಅವನು ಸಾಧಿಸಿದನು. ಹುಟ್ಟಿದ ಕೂಸಿಗೆ ಹಕ್ಕಿದೆಯೆಂದ ಮೇಲೆ ಮುದುಕನೊಬ್ಬನೇ ಮನೆಯನ್ನು ಒತ್ತೆಯಿಡುವುದೆಂತು? 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಈ ಚಿತ್ರ ಬದಲಾಯಿತು. ತಂದೆ ತಾನೇ ಸಂಪಾದಿಸಿದ ಆಸ್ತಿ ಉಯಿಲಿಲ್ಲದೆ ಮಗನಿಗೆ ಬಂದರೆ ಅದು ಮಗನ ಸ್ವಂತ ಆಸ್ತಿಯೇ, ಮೊಮ್ಮಗನಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1986ರಲ್ಲಿ ಚಂದರ್ ಸೇನ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಅವಿಭಕ್ತ ಕುಟುಂಬದ ಸಮಭಾಗಿಗಳನ್ನಾಗಿ ಮಾಡಿತು. ಹೀಗಿರಲಾಗಿ ತಂದೆಯಿಂದ ಬಂದ ಮನೆಯಲ್ಲಿರುವ ವೃದ್ಧರು, ತಮ್ಮ ಮನೆ ಯಾವ ಬಗೆಯದೆಂದು ತಾವೇ ಹೇಳಲಾರರು. ಬ್ಯಾಂಕಿನ ವಕೀಲರಂತೂ ಸಂಶಯವಿದ್ದೆಡೆ 'ಬೇಡ' ಎಂದು ಬರೆಯುವುದನ್ನೇ ವಿವೇಕವೆಂದು ತಿಳಿದವರು. ಅವರನ್ನು ದೂರುವಂತಿಲ್ಲ, ಮನೆಯನ್ನು ಮಾರಬೇಕಾದ ದಿನ ಯಾವುದೋ ಊರಿನಿಂದ ಮೊಮ್ಮಗನೊಬ್ಬ ದಾವೆ ತಂದರೆ ಉತ್ತರ ಹೇಳಬೇಕಾದವರು ಅವರೇ.

ಹಕ್ಕಿನ ಕಾಗದಗಳ ವಿಷಯ ಇನ್ನೂ ದೊಡ್ಡದು. ನಮ್ಮ ಕ್ರಯಪತ್ರಗಳ ಭಾಷೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆ ಓದಿನೋಡಬೇಕು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಶಾಸನಗಳಲ್ಲಿ ಬರುವ ಅಷ್ಟಭೋಗಗಳು ಇಂದಿಗೂ ಕೆಲವು ಪತ್ರಬರಹಗಾರರ ಲೇಖನಿಯಲ್ಲಿ ಉಳಿದುಕೊಂಡಿವೆ. ಅಲ್ಲಿ ದತ್ತಿ ಬಿಟ್ಟ ಗದ್ದೆಯ ನಾಲ್ಕು ಎಲ್ಲೆ, ಇಲ್ಲಿ ಮೂವತ್ತು ನಲವತ್ತರ ನಿವೇಶನದ ಚಕ್ಕುಬಂದಿ, ಶೈಲಿ ಒಂದೇ. ಮಾರುವವನು ಭೂಮಿಯೊಳಗಿನ ನಿಧಿಯವರೆಗೆ ಎಲ್ಲವನ್ನೂ ಬಿಟ್ಟುಕೊಟ್ಟಿರುತ್ತಾನೆ. ಆದರೆ ಅವನಿಗೆ ಆ ಭೂಮಿ ಎಲ್ಲಿಂದ ಬಂತೆಂಬ ಮೂಲಪತ್ರ ಮಾತ್ರ ಎಷ್ಟೋ ವೇಳೆ ಕಾಣುವುದಿಲ್ಲ! ಬ್ಯಾಂಕಿಗೆ ನಿಧಿ ನಿಕ್ಷೇಪಗಳು ಬೇಡ, ಮೂಲಪತ್ರ ಬೇಕು. ಅದರ ಜೊತೆಗೆ ಉಪನೋಂದಣಾಧಿಕಾರಿಗಳ ಕಚೇರಿಯ ಋಣಭಾರ ಪತ್ರ, ಮಂಜೂರಾದ ನಕ್ಷೆ, ತೆರಿಗೆ ರಸೀದಿ, ಖಾತೆ.

ಖಾತೆಯೆಂಬುದು ತೆರಿಗೆ ವಸೂಲಿಗಾಗಿ ಇಟ್ಟ ದಾಖಲೆ. ಅದು ಒಡೆತನದ ಪ್ರಮಾಣವಲ್ಲ. ಹಾಗಿದ್ದರೂ ಅದಿಲ್ಲದೆ ಯಾವ ವ್ಯವಹಾರವೂ ಮುಂದುವರಿಯುವುದಿಲ್ಲ. ಬೆಂಗಳೂರಿನಲ್ಲಿ 'ಎ' ಖಾತೆ, 'ಬಿ' ಖಾತೆ ಎಂಬ ಎರಡು ಜಾತಿಗಳು ಹುಟ್ಟಿಕೊಂಡದ್ದು ಎಲ್ಲರಿಗೂ ತಿಳಿದಿದೆ. ಕೃಷಿಭೂಮಿಯನ್ನು ವಸತಿಗೆಂದು ಪರಿವರ್ತಿಸದೆ ಹಂಚಿದ ರೆವಿನ್ಯೂ ನಿವೇಶನಗಳಲ್ಲಿ ಮನೆ ಕಟ್ಟಿಕೊಂಡವರು ಹೆಚ್ಚಾಗಿ ಎರಡನೆಯ ಪಂಕ್ತಿಯಲ್ಲಿ ಕುಳಿತಿದ್ದಾರೆ. ಹಳ್ಳಿಯ ಕಡೆ ನಮೂನೆ 9, ನಮೂನೆ 11 ಎಂದು ಬೇರೆ ಕಾಗದಗಳು. ನಿವೃತ್ತಿಯ ಹಣವನ್ನೆಲ್ಲ ಸುರಿದು ಊರಾಚೆ ಒಂದು ರೆವಿನ್ಯೂ ನಿವೇಶನ ಕೊಂಡ ಗುಮಾಸ್ತರು, ಮಿಲ್ಲಿನ ಕೆಲಸಗಾರರು ಎಷ್ಟು ಮಂದಿ! ಅವರ ಮನೆ ಗಟ್ಟಿಯಾಗಿದೆ, ತೆರಿಗೆ ಸಂದಿದೆ, ದೀಪವಿದೆ, ನೀರಿದೆ. ಬ್ಯಾಂಕಿನ ಕಣ್ಣಿಗೆ ಮಾತ್ರ ಆ ಮನೆ ಕಾಣುವುದಿಲ್ಲ.

ಕಾಗದಗಳೆಲ್ಲ ಸರಿಯಿದ್ದವೆನ್ನೋಣ. ಆಗ ಬರುವವನು ಮೌಲ್ಯಮಾಪಕ. ಇವನು ಬ್ಯಾಂಕಿನ ನೌಕರನಲ್ಲ. ಬ್ಯಾಂಕು ಒಪ್ಪಿದ ಹೊರಗಿನ ತಜ್ಞ, ಸಾಮಾನ್ಯವಾಗಿ ಸಿವಿಲ್ ಎಂಜಿನಿಯರು. ಇವನ ವರದಿಯಲ್ಲಿರುವ ಒಂದು ಮೊತ್ತದ ಮೇಲೆಯೇ ಮುಂದಿನ ಲೆಕ್ಕವೆಲ್ಲ ನಿಲ್ಲತಕ್ಕದ್ದು.

ನನಗೆ ಪರಿಚಿತರಾದ ವೃದ್ಧ ದಂಪತಿಗಳ ಮನೆಗೆ 2024ರಲ್ಲಿ ಇಂತಹ ತರುಣನೊಬ್ಬ ಬಂದಾಗ ನಾನೂ ಅಲ್ಲಿದ್ದೆ. ಮೇಷ್ಟರು ಮೈಸೂರಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಪಿಂಚಣಿಯಿಲ್ಲ. ಅವರಿಗೆ 72, ಅವರ ಹೆಂಡತಿಗೆ 67. ಸಿ.ಐ.ಟಿ.ಬಿ.ಯಿಂದ ಹಂಚಿಕೆಯಾದ ಮೂವತ್ತು ನಲವತ್ತರ ನಿವೇಶನದಲ್ಲಿ 1979ರಲ್ಲಿ ಕಟ್ಟಿದ ಎಂಟು ಚದರದ ಮನೆ. ಇಟ್ಟಿಗೆಯ ಗೋಡೆ, ಆರ್‌ಸಿಸಿ ತಾರಸಿ. ಹಿತ್ತಲಲ್ಲಿ ಸೇದುವ ಬಾವಿ, ಒಂದು ಮಾವಿನ ಮರ. ಹಿಂಬದಿಗೆ ಆಮೇಲೆ ಕೂಡಿಸಿದ ಒಂದು ಕೋಣೆ.

ತರುಣನು ಸೌಜನ್ಯಶಾಲಿ. ಪಟ್ಟಿ ಹಿಡಿದು ಅಳೆದ. ಗೋಡೆಯ ಗಾರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದ. ತಾರಸಿಯ ಕೆಳಗೆ ತೇವದ ಕಲೆಯಿದ್ದ ಕಡೆ ನಿಂತು ಚಿತ್ರ ತೆಗೆದುಕೊಂಡ. ಅಮ್ಮನವರು ಹಿಂದೆಯೇ ಹೋಗುತ್ತ ತೋರಿಸಿದರು: "ಇದು ದೇವರ ಮನೆ ಕಣಪ್ಪ. ಈ ಬಾಗಿಲು ತೇಗದ್ದು, ನಮ್ಮ ತವರಿಂದ ಬಂದದ್ದು. ಬಾವಿ ಬೇಸಿಗೇಲೂ ಬತ್ತಿಲ್ಲ."

"ಸರಿ ಅಮ್ಮ. ಈ ಹಿಂದಿನ ಕೋಣೆ ನಕ್ಷೆಯಲ್ಲಿ ಇದೆಯಾ?"

"ಮಗಳ ಬಾಣಂತನಕ್ಕೆ ಅಂತ ಕಟ್ಟಿಸಿದ್ದು. ನಕ್ಷೆ ಎಲ್ಲಿ ಬಂತು?"

ಆತ ಏನನ್ನೋ ಬರೆದುಕೊಂಡ. ಬಾವಿಯ ನೀರನ್ನು ನೋಡಿ ಚೆನ್ನಾಗಿದೆಯೆಂದ, ಬರೆದುಕೊಳ್ಳಲಿಲ್ಲ.

ಆ ತರುಣನ ಲೆಕ್ಕದ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಏಕೆಂದರೆ ಮನೆ ಕಟ್ಟಿದವರಾರೂ ತಮ್ಮ ಮನೆಯನ್ನು ಹೀಗೆ ನೋಡಿರುವುದಿಲ್ಲ. ಮನೆಯೆಂಬುದು ಅವನಿಗೆ ಒಂದು ವಸ್ತುವಲ್ಲ, ಎರಡು: ನೆಲ ಮತ್ತು ಕಟ್ಟಡ. ನೆಲಕ್ಕೆ ಆ ಬಡಾವಣೆಯಲ್ಲಿ ಈಚೆಗೆ ನಡೆದ ಮಾರಾಟಗಳನ್ನೂ ಸರ್ಕಾರದ ಮಾರ್ಗಸೂಚಿ ದರವನ್ನೂ ನೋಡಿ ಬೆಲೆ ಕಟ್ಟುತ್ತಾನೆ. ಕಟ್ಟಡಕ್ಕೆ, ಅದನ್ನೇ ಇಂದು ಹೊಸದಾಗಿ ಕಟ್ಟಲು ಎಷ್ಟಾದೀತೆಂದು ಲೆಕ್ಕಹಾಕಿ, ಕಳೆದ ವರ್ಷಗಳ ಸವಕಳಿಯನ್ನು ಕಳೆಯುತ್ತಾನೆ. ನೆಲದ ಬೆಲೆ ವರ್ಷದಿಂದ ವರ್ಷಕ್ಕೆ ಏರುವುದು ವಾಡಿಕೆ, ಕಟ್ಟಡದ್ದು ಇಳಿಯತಕ್ಕದ್ದು. ಬೆವರು ಸುರಿಸಿ ಕಟ್ಟಿದ್ದು ಕರಗುತ್ತದೆ, ಮೊದಲೇ ಇದ್ದದ್ದು ಬೆಳೆಯುತ್ತದೆ.

ಮೇಷ್ಟರ ಮನೆಯ ಲೆಕ್ಕ ಸುಮಾರಾಗಿ ಹೀಗಾಯಿತು. ನಿವೇಶನಕ್ಕೆ 53 ಲಕ್ಷ. ಎಂಟು ಚದರವನ್ನು ಇಂದು ಹೊಸದಾಗಿ ಕಟ್ಟಿದರೆ, ಚದರ ಅಡಿಗೆ 2,000 ರೂಪಾಯಿಯಂತೆ 16 ಲಕ್ಷ. ಕಟ್ಟಡದ ಒಟ್ಟು ಆಯುಸ್ಸು 75 ವರ್ಷವೆಂದು ಹಿಡಿದರೆ ಕಳೆದದ್ದು 45. ಕೆಡವಿದ ಮೇಲೆಯೂ ಉಳಿಯುವ ಕಬ್ಬಿಣ, ಮರ, ಕಲ್ಲುಗಳಿಗೆಂದು ನೂರಕ್ಕೆ 10ನ್ನು ಬಿಟ್ಟು ಸವಕಳಿ ಕಟ್ಟಿದರೆ ನೂರಕ್ಕೆ 54 ಭಾಗ ಹೋಗಿ 7 ಲಕ್ಷ ಚಿಲ್ಲರೆ ಉಳಿಯಿತು. ಒಟ್ಟು 60 ಲಕ್ಷ. ಬಾಣಂತಿಯ ಕೋಣೆ ನಕ್ಷೆಯಲ್ಲಿಲ್ಲವಾದ್ದರಿಂದ ಅದಕ್ಕೆ ಸೊನ್ನೆ. ಬಾವಿ, ಮಾವಿನ ಮರಗಳ ಮಾತೇ ಇಲ್ಲ. ಪಕ್ಕದ ರಸ್ತೆಯ ನಿವೇಶನ 80 ಲಕ್ಷಕ್ಕೆ ಹೋಯಿತೆಂದು ಮೇಷ್ಟರು ಹೇಳಿದರು. ಅದು ಮೂಲೆ ನಿವೇಶನ, ಅದರಲ್ಲಿಯೂ ಕ್ರಯಪತ್ರದಲ್ಲಿ ಕಾಣದ ಮೊತ್ತ ಲೆಕ್ಕಕ್ಕಿಲ್ಲವೆಂದು ಆತ ವಿನಯದಿಂದಲೇ ಉತ್ತರಕೊಟ್ಟ. ನೋಂದಣಿಯಲ್ಲಿ ಬೆಲೆಯನ್ನು ಇಳಿಸಿ ಬರೆಯುವ ನಮ್ಮ ದುರಭ್ಯಾಸ ಇಂತಹ ಕಡೆ ಬಂದು ಕಚ್ಚುತ್ತದೆ. ಮುದ್ರಾಂಕ ಶುಲ್ಕವನ್ನು ಉಳಿಸಿದವನು ಒಬ್ಬ, ಅದರ ಫಲವನ್ನು ಉಣ್ಣುವವನು ಇನ್ನೊಬ್ಬ.

ಈ ಲೆಕ್ಕದಲ್ಲಿ ಓದುಗರು ಒಂದು ಅಂಕಿಯನ್ನು ಗಮನಿಸಿರಬೇಕು. ಕಟ್ಟಡದ ಆಯುಸ್ಸು 75 ಎಂದು ತರುಣನು ಹಿಡಿದ. 60 ಎಂದು ಹಿಡಿದಿದ್ದರೆ ಉಳಿದ ಆಯುಸ್ಸು 15 ವರ್ಷ. 20 ಇರಬೇಕೆಂಬ ನಿಯಮಕ್ಕೆ ಆ ಮನೆ ಸಲ್ಲುತ್ತಿರಲಿಲ್ಲ, ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು. ಗೋಡೆಯನ್ನು ತಟ್ಟಿ ಕೇಳಿದ ಆ ಬೆರಳಿನ ಗೆಣ್ಣು ತೀರ್ಮಾನಿಸಿದ್ದು ಇದನ್ನೇ. ಆರ್‌ಸಿಸಿ ತಾರಸಿಯ ಮನೆಗೇ ಇಷ್ಟು ಜಿಜ್ಞಾಸೆಯಾದರೆ, ಮಣ್ಣಿನ ಗೋಡೆಯ ಮೇಲೆ ಮಂಗಳೂರು ಹೆಂಚು ಹೊದಿಸಿದ ಮನೆಗಳು, ಮಲೆನಾಡಿನ ತೊಟ್ಟಿಮನೆಗಳು, ಧಾರವಾಡದ ಕಡೆಯ ಮಾಳಿಗೆಮನೆಗಳು, ಹಳೆಯ ಬೆಂಗಳೂರಿನ ಮದರಾಸು ತಾರಸಿಯ ಮನೆಗಳು ಏನೆನ್ನಬೇಕು? ಇವುಗಳಲ್ಲಿ ಎಷ್ಟೋ ಮನೆಗಳು ನೂರು ಮಳೆಗಾಲಗಳನ್ನು ನೋಡಿಯೂ ನೆಟ್ಟಗೆ ನಿಂತಿವೆ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸಿ, ಗೆದ್ದಲು ನೋಡಿ, ಗೋಡೆ ಸಾರಿಸಿ ಕಾಪಾಡುವ ಮನೆಗೆ ಆಯುಸ್ಸೆಂಬುದು ಕಟ್ಟಿದ ದಿನದಿಂದ ಎಣಿಸತಕ್ಕದ್ದಲ್ಲ, ಕಾಪಾಡುವ ಕೈಗಳಿಂದ ಎಣಿಸತಕ್ಕದ್ದು. ಕೋಷ್ಟಕಕ್ಕೆ ಇದು ತಿಳಿಯದು. ಆದರೆ ಕೋಷ್ಟಕದ ಪರವಾಗಿಯೂ ಒಂದು ಮಾತಿದೆ: ಆ ಕೈಗಳಿಗೇ ಈಗ 72 ವರ್ಷ.

ಅಮೆರಿಕೆಯಲ್ಲಿ ಈ ಪರೀಕ್ಷೆ ಬೇರೊಂದು ರೀತಿಯದು. ಅಲ್ಲಿ 1987ರ ಕಾನೂನಿನ ಪ್ರಕಾರ ಕೇಂದ್ರಸರ್ಕಾರದ ವಸತಿ ಇಲಾಖೆಯೇ ಈ ಸಾಲಗಳಿಗೆ ವಿಮೆಗಾರನಾಗಿ ನಿಂತಿದೆ. ಸಾಲಗಾರರಿಗೆ 62 ತುಂಬಿರಬೇಕು. ಮೌಲ್ಯಮಾಪಕನು ಬೆಲೆ ಕಟ್ಟುವುದರ ಜೊತೆಗೆ ಮನೆ ವಾಸಕ್ಕೆ ನಿರಪಾಯವೆ, ಭದ್ರವೆ, ದೃಢವೆ ಎಂದು ನೋಡಬೇಕು. ಮಾಡು ಸೋರುತ್ತದೆಯೆ, ನೀರು ಕಾಯಿಸುವ ಯಂತ್ರ ನಡೆಯುತ್ತದೆಯೆ, 1978ಕ್ಕೆ ಹಿಂದಿನ ಮನೆಯಾದರೆ ಗೋಡೆಯ ಬಣ್ಣ ಚಕ್ಕೆಯೇಳುತ್ತಿದೆಯೆ ಎಂದು ಕೂಡ ಪರೀಕ್ಷಿಸುತ್ತಾನೆ. ಆ ಕಾಲದ ಬಣ್ಣದಲ್ಲಿ ಸೀಸವಿರುತ್ತಿತ್ತು. ಕೊರತೆ ಕಂಡರೆ ಅರ್ಜಿಯನ್ನು ಒಡನೆಯೇ ತಳ್ಳಿಬಿಡುವುದಿಲ್ಲ. ದುರಸ್ತಿ ಒಂದು ಮಿತಿಯೊಳಗಿದ್ದರೆ ಸಾಲದ ಹಣದಲ್ಲಿಯೇ ಒಂದು ಭಾಗವನ್ನು ಅದಕ್ಕೆಂದು ಎತ್ತಿಟ್ಟು, ಸಾಲ ಕೊಟ್ಟ ಮೇಲೆ ಅದನ್ನು ಮಾಡಿಸುತ್ತಾರೆ. ಈ ಒಂದು ಪದ್ಧತಿಯನ್ನು ನಮ್ಮವರು ಅನುಸರಿಸಿದ್ದರೆ ಚೆನ್ನಾಗಿತ್ತೆಂದು ನನಗೆ ತೋರುತ್ತದೆ. ಸೋರುವ ತಾರಸಿಯನ್ನು ಸರಿಪಡಿಸಲು ಹಣವಿಲ್ಲದವನೇ ಸಾಲಕ್ಕೆ ಬರುವವನು. ಅವನ ತಾರಸಿ ಸೋರುತ್ತದೆಯೆಂದು ಹಿಂದಕ್ಕೆ ಕಳುಹಿಸಿದರೆ ಅವನು ಹೋಗುವುದೆಲ್ಲಿಗೆ?

ಬೆಲೆ ಕಟ್ಟಿ ಆಯಿತು, 60 ಲಕ್ಷ. ಇನ್ನು ತಿಂಗಳಿಗೆ ಎಷ್ಟು? ಮೇಷ್ಟರು ಗಣಿತದವರಾದುದರಿಂದ ಬ್ಯಾಂಕಿನವರು ಹೇಳುವ ಮೊದಲೇ ತಾವೇ ಕಾಗದದ ಮೇಲೆ ಗುಣಿಸಿದರು. ಬೆಲೆಯಷ್ಟನ್ನೂ ಸಾಲವಾಗಿ ಕೊಡುವುದಿಲ್ಲ. ವಯಸ್ಸನ್ನು ನೋಡಿ ನೂರಕ್ಕೆ 40ರಿಂದ 60ರವರೆಗೆ ಕೊಡುವುದು ಸಾಮಾನ್ಯ. ವಯಸ್ಸು ಏರಿದಷ್ಟೂ ಪಾಲು ಹೆಚ್ಚು. ಇವರಿಗೆ ಅರ್ಧವೆಂದು ಹಿಡಿದರೆ 30 ಲಕ್ಷ. ಈ 30 ಲಕ್ಷ ಕೈಗೆ ಬರುವ ಹಣವೆಂದು ತಿಳಿದವರು ಮೋಸಹೋಗುತ್ತಾರೆ. ಕೊಟ್ಟ ಕಂತುಗಳೂ ಅವುಗಳ ಮೇಲೆ ಚಕ್ರಬಡ್ಡಿಯೂ ಸೇರಿ ಅವಧಿಯ ಕೊನೆಗೆ 30 ಲಕ್ಷವಾಗಬೇಕು, ಅಷ್ಟು ಮಾತ್ರ. ಬಡ್ಡಿ ನೂರಕ್ಕೆ 10 ಎಂದು ಹಿಡಿದು, ಗರಿಷ್ಠ ಅವಧಿಯಾದ 20 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಬರುವುದು 3,950 ರೂಪಾಯಿ. ಅವಧಿಯನ್ನು 15 ವರ್ಷಕ್ಕೆ ಇಳಿಸಿದರೆ 7,240. ಇಪ್ಪತ್ತು ವರ್ಷಗಳಲ್ಲಿ ಕೈಗೆ ಸೇರುವುದು ಒಂಬತ್ತೂವರೆ ಲಕ್ಷ. ಉಳಿದ ಇಪ್ಪತ್ತೂವರೆ ಲಕ್ಷ ಬಡ್ಡಿ.

"ನೋಡಿ, ಮೌಲ್ಯಮಾಪಕ ಒಂದು ಲಕ್ಷ ಹೆಚ್ಚು ಬರೆದರೆ ನನಗೆ ತಿಂಗಳಿಗೆ 66 ರೂಪಾಯಿ ಹೆಚ್ಚು. ಈ ಇಪ್ಪತ್ತು ಲಕ್ಷದ ಜಗಳಕ್ಕೆಲ್ಲ ಸೇರಿ ಸಾವಿರದ ಮುನ್ನೂರು," ಎಂದು ಮೇಷ್ಟರು ನಕ್ಕರು. ಅವರ ಲೆಕ್ಕ ಇಪ್ಪತ್ತು ವರ್ಷದ ಅವಧಿಯದು, ಸರಿಯಾಗಿಯೇ ಇತ್ತು.

ಕಂತು ನಿಂತ ಮೇಲೆ ಮನೆಯನ್ನು ಬಿಡಬೇಕೆಂದು ಕೆಲವರು ಹೆದರುವುದುಂಟು. ಅದು ಹಾಗಲ್ಲ. ಅವಧಿ ಮುಗಿದು ಹಣ ಬರುವುದು ನಿಂತರೂ ಇಬ್ಬರಲ್ಲಿ ಕೊನೆಯವರು ಇರುವವರೆಗೆ ಮನೆ ಅವರದೇ. ಐದು ವರ್ಷಕ್ಕೊಮ್ಮೆಯಾದರೂ ಮನೆಯ ಬೆಲೆಯನ್ನು ಮತ್ತೆ ಕಟ್ಟಿ, ಅದಕ್ಕನುಸಾರವಾಗಿ ಕಂತನ್ನು ತಿದ್ದುವುದಕ್ಕೂ ಅವಕಾಶವಿದೆ. ಸಹಿ ಹಾಕಿದ ಮೇಲೂ ಮನಸ್ಸು ಬದಲಾದರೆ ಹಿಂದೆಗೆಯಲು ಮೂರು ದಿನದ ವ್ಯವಧಾನವನ್ನು 2007ರ ಸೂತ್ರಗಳು ಕೊಟ್ಟಿದ್ದವು.

ತೊಡಕು ಬೇರೊಂದು ಕಡೆ ಇತ್ತು. ಸಾಲವನ್ನು ಅವಧಿಗೆ ಮುನ್ನವೇ ಕೇಳಲು ಕಾರಣವಾಗಬಹುದಾದ ಸಂಗತಿಗಳ ಪಟ್ಟಿಯೊಂದು ಆ ಸೂತ್ರಗಳಲ್ಲಿದೆ. ಮನೆಯ ತೆರಿಗೆ ಕಟ್ಟದಿರುವುದು, ವಿಮೆ ಮಾಡಿಸದಿರುವುದು, ದುರಸ್ತಿಯಲ್ಲಿಡದಿರುವುದು, ಸತತವಾಗಿ ಒಂದು ವರ್ಷ ಆ ಮನೆಯಲ್ಲಿ ವಾಸವಿಲ್ಲದಿರುವುದು, ಮನೆಯನ್ನು ಪೂರ್ತಿಯಾಗಿಯೋ ಭಾಗವಾಗಿಯೋ ಬಾಡಿಗೆಗೆ ಕೊಡುವುದು. ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೋಗಿ, ಅಲ್ಲಿಂದ ಮಗನ ಮನೆಗೆಂದು ಇನ್ನೊಂದು ದೇಶಕ್ಕೆ ಹೋಗಿ ವರ್ಷ ಕಳೆದು ಬರುವ ತಾಯಿತಂದೆಗಳು ನಮ್ಮ ಬೀದಿಬೀದಿಗಳಲ್ಲಿದ್ದಾರೆ. ಅವರು ತಮ್ಮ ಪಯಣದ ದಿನಗಳನ್ನು ಎಣಿಸಿಟ್ಟುಕೊಳ್ಳಬೇಕಾದೀತು. ಬೀದಿಯ ಕಡೆಯ ಕೋಣೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವರ ಮನೆ ವಾಸದ ಮನೆಯೆಂದು ಸಲ್ಲುವುದೂ ಕಷ್ಟ. ಮೇಷ್ಟರ ವಿಷಯದಲ್ಲಿ ಬಂದು ನಿಂತದ್ದು ಕೊನೆಯ ಷರತ್ತು. ನಕ್ಷೆಯಲ್ಲಿಲ್ಲದ, ಮೌಲ್ಯಮಾಪಕನು ಸೊನ್ನೆಯೆಂದು ಬರೆದ ಆ ಬಾಣಂತಿಯ ಕೋಣೆಯಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಅವರಿಂದ ತಿಂಗಳಿಗೆ 6,000 ರೂಪಾಯಿ ಬರುತ್ತದೆ. ಅವರನ್ನು ಬಿಡಿಸಿ 7,240 ಪಡೆದರೆ ನಿವ್ವಳ ಲಾಭ 1,240. ಇಪ್ಪತ್ತು ವರ್ಷದ ಅವಧಿಯಾದರೆ ಕೈಯಿಂದಲೇ 2,050 ನಷ್ಟ. ಜೊತೆಗೆ ರಾತ್ರಿ ಹೊತ್ತು ಮೇಷ್ಟರಿಗೆ ಎದೆ ನೋವು ಬಂದರೆ ಆಟೋ ಕರೆಯುವವರು ಆ ಹುಡುಗರೇ ಎಂದು ಅಮ್ಮನವರು ಹೇಳಿದರು. ಅರ್ಜಿ ಮೇಜಿನ ಸೆಳೆಯೊಳಗೆ ಹೋಯಿತು.

ಬಾಡಿಗೆಯನ್ನು ನಿಷೇಧಿಸಲು ಬ್ಯಾಂಕಿಗೆ ಕಾರಣವಿಲ್ಲದೆ ಇಲ್ಲ. ಬಾಡಿಗೆಗೆ ಬಂದವನು ಮನೆಯ ಯಜಮಾನರು ಹೋದ ಬಳಿಕ ಬಿಡದೆ ಕುಳಿತರೆ ಮನೆಯನ್ನು ಮಾರುವುದು ಹೇಗೆ? ಆದರೆ ನಮ್ಮ ಊರುಗಳಲ್ಲಿ ಮನೆ ತನ್ನ ಯಜಮಾನನನ್ನು ಮುಪ್ಪಿನಲ್ಲಿ ಸಾಕುತ್ತಿರುವುದು ಬಹುಮಟ್ಟಿಗೆ ಈ ಹಿಂದಿನ ಕೋಣೆಯಿಂದ, ಮೇಲಿನ ಮಹಡಿಯಿಂದ, ಮುಂದಿನ ಅಂಗಡಿಯಿಂದ. ಇದು ಯಾವ ಬ್ಯಾಂಕೂ ಏರ್ಪಡಿಸದ, ಯಾವ ಮುಂಗಡಪತ್ರವೂ ಸಾರದ ಹಿಮ್ಮುಖ ಅಡಮಾನ. ಇದನ್ನು ಮುಚ್ಚಿಸಿ ಅದನ್ನು ತೆರೆಯಬೇಕೆಂದರೆ ಜನ ಹಿಂದೆಗೆಯುವುದು ಸಹಜ. ಹೀಗಾಗಿ ಈ ಯೋಜನೆ ನಿಜವಾಗಿ ಹೊಂದುವುದು ಯಾರಿಗೆಂದರೆ, ಪಟ್ಟಣದ ಒಳ್ಳೆಯ ಬಡಾವಣೆಯಲ್ಲಿ ಬೆಲೆಬಾಳುವ ನೆಲವಿದ್ದು, ಕಾಗದಗಳು ನೇರ್ಪಾಗಿದ್ದು, ಮಕ್ಕಳು ದೂರದಲ್ಲಿದ್ದು, ಕೈಯಲ್ಲಿ ನಗದು ಮಾತ್ರ ಇಲ್ಲದವರಿಗೆ. ಅಂತಹವರೂ ಇದ್ದಾರೆ. ಎಂಬತ್ತರ ಹತ್ತಿರ ಬಂದವರಿಗೆ ಸಾಲದ ಪಾಲೂ ಹೆಚ್ಚು, ಅವಧಿಯೂ ಚಿಕ್ಕದು. ತಿಂಗಳ ಹಣ ಆಗ ಗಣ್ಯವಾಗುತ್ತದೆ. ಅವರಿಗೆ ಇದು ಮಗನ ಮುಂದೆ ಕೈಯೊಡ್ಡದ ಬಾಳನ್ನು ಕೊಡಬಲ್ಲುದು. ಅದನ್ನು ಅಲ್ಪವೆನ್ನುವವರು ಕೈಯೊಡ್ಡಿ ನೋಡಿದವರಲ್ಲ.

ಎಲ್ಲರಿಗಿಂತ ಹೆಚ್ಚಾಗಿ ಇದು ಬೇಕಾದವಳು ವಿಧವೆ. ಆ ಪೋರ್ಟ್‌ಲೆಂಡಿನ ಹೆಣ್ಣಿನಿಂದಲೇ ಇದರ ಚರಿತ್ರೆ ಮೊದಲಾಗುವುದೆಂಬುದನ್ನು ಮರೆಯುವಂತಿಲ್ಲ. ಆದರೆ ನಮ್ಮಲ್ಲಿ ಅವಳಿಗೇ ಬಾಗಿಲು ಎಲ್ಲರಿಗಿಂತ ಬಿಗಿಯಾಗಿ ಮುಚ್ಚಿದೆ. ಮನೆ ಗಂಡನ ಹೆಸರಿನಲ್ಲಿ. ಅವನು ಉಯಿಲು ಬರೆಯದೆ ತೀರಿಕೊಂಡರೆ ಹಿಂದೂ ಕುಟುಂಬದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಗಂಡನ ತಾಯಿ ಬದುಕಿದ್ದರೆ ಆಕೆ, ಎಲ್ಲರಿಗೂ ಸಮಪಾಲು. ಮೂವರು ಮಕ್ಕಳ ತಾಯಿಗೆ, ನಲವತ್ತು ವರ್ಷ ತಾನು ಸಾರಿಸಿ ಗುಡಿಸಿದ ಮನೆಯಲ್ಲಿ ಕಾಲುಪಾಲು. ಕಾಲುಪಾಲಿನ ಒಡತಿ ಮನೆಯನ್ನು ಒತ್ತೆಯಿಡಲಾರಳು. ಮೌಲ್ಯಮಾಪಕನು ಅವಳ ಮನೆಯವರೆಗೆ ಬರುವುದೇ ಇಲ್ಲ. ಅದಕ್ಕೂ ಮುಂಚೆ ಪೌತಿ ಖಾತೆಯಾಗಬೇಕು, ಮಕ್ಕಳೆಲ್ಲರೂ ಉಪನೋಂದಣಾಧಿಕಾರಿಗಳ ಎದುರಿಗೆ ಬಂದು ತಂತಮ್ಮ ಹಕ್ಕು ಬಿಡುಗಡೆ ಮಾಡಿಕೊಡಬೇಕು. ಅನ್ನಕ್ಕಾಗಿ ಮಕ್ಕಳನ್ನು ಕೇಳಬಾರದೆಂದು ಹೊರಟವಳು ಸಹಿಗಾಗಿ ಅವರನ್ನು ಕೇಳಬೇಕು. ಅವರಲ್ಲಿ ಒಬ್ಬ ಬೇರೆ ಖಂಡದಲ್ಲಿರುತ್ತಾನೆ, ಒಬ್ಬಳ ಗಂಡ ಒಪ್ಪುವುದಿಲ್ಲ.

ಗಂಡ ಬದುಕಿರುವಾಗ ಇಬ್ಬರೂ ಕೂಡಿ ಸಾಲ ಪಡೆದಿದ್ದರೆ ಈ ತೊಡಕು ಬರುವುದಿಲ್ಲ; ಅವನು ಹೋದ ಮೇಲೂ ಅವಳಿಗೆ ಕಂತು ಬರುತ್ತದೆ, ಮನೆ ಅವಳ ವಾಸಕ್ಕಿರುತ್ತದೆ. ಅವಳೂ ಹೋದ ಮೇಲೆ ಮಕ್ಕಳು ಬಯಸಿದರೆ ಸಾಲವನ್ನು ತೀರಿಸಿ ಮನೆಯನ್ನು ಬಿಡಿಸಿಕೊಳ್ಳಬಹುದು. ಆ ಹಕ್ಕು ಮೊದಲು ಅವರದೇ. ಬಿಡಿಸಿಕೊಳ್ಳದಿದ್ದರೆ ಬ್ಯಾಂಕು ಮನೆಯನ್ನು ಮಾರಿ, ತನ್ನ ಬಾಕಿಯನ್ನು ಮುರಿದುಕೊಂಡು ಮಿಕ್ಕದ್ದನ್ನು ಅವರಿಗೆ ಕೊಡತಕ್ಕದ್ದು. ಮೇಷ್ಟರ ಮನೆಯ ವಿಷಯದಲ್ಲಿ ಅರ್ಜಿ ಸೆಳೆಯೊಳಗೆ ಹೋದರೂ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. ಬ್ಯಾಂಕಿನ ವಕೀಲರು ಕಾಗದಗಳನ್ನು ನೋಡುವಾಗ ಖಾತೆಯಲ್ಲಿಯೂ ಹಂಚಿಕೆ ಪತ್ರದಲ್ಲಿಯೂ ಅಮ್ಮನವರ ಹೆಸರು ಎಲ್ಲಿಯೂ ಇಲ್ಲವೆಂದು ತೋರಿಸಿದ್ದರು. ಮೇಷ್ಟರು ಮರುವಾರ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ, ತಮ್ಮ ತರುವಾಯ ಮನೆ ಪೂರ್ತಿಯಾಗಿ ಹೆಂಡತಿಗೆಂದು ಉಯಿಲು ಬರೆಸಿ ನೋಂದಾಯಿಸಿ ಬಂದರು. ಸಾಕ್ಷಿಗಳಲ್ಲಿ ನಾನೊಬ್ಬ, ಇನ್ನೊಬ್ಬ ಹಿಂದಿನ ಕೋಣೆಯ ಹುಡುಗ.